ತಾಯಿಯ ಹೆಸರಿನಲ್ಲಿ ಸಹಿ ಹಾಕಿದವರು: ಚಿತ್ರಕಾರ ರೆನೆ ಗ್ರುವೊ

ಈ ಸಂಚಿಕೆಯ ವ್ಯಕ್ತಿ ಪರಿಚಯಕ್ಕೆ ನಾನು ಆರಿಸಿಕೊಂಡವರು ವಿಜ್ಞಾನಿಯಲ್ಲ, ಹೋರಾಟಗಾರರಲ್ಲ, ಕ್ರಿಕೆಟ್ ಆಟಗಾರರೂ ಅಲ್ಲ. ಬಟ್ಟೆಗಳ ಚಿತ್ರ ಬರೆದು ಬದುಕಿದವರು. ಅವರ ಹೆಸರು ರೆನೆ ಗ್ರುವೊ. ಹೆಸರು ಕೇಳದವರೂ ಅವರ ಒಂದು ಚಿತ್ರವನ್ನಾದರೂ ಎಲ್ಲೋ ನೋಡಿರಬಹುದು. ಬಿಳಿ ಹಂಸವೊಂದು, ಅದರ ಕತ್ತಿನಲ್ಲಿ ಮುತ್ತಿನ ಹಾರ, ಹಾರಕ್ಕೆ ಕಪ್ಪು ರಿಬ್ಬನ್ನಿನ ಗಂಟು. ಅದು 1947ರ ಒಂದು ಸುಗಂಧ ದ್ರವ್ಯದ ಜಾಹೀರಾತು. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಜಾಹೀರಾತಿನ ಪಾಠ ನಡೆಯುವಾಗ ಹಳೆಯ ಜಾಹೀರಾತುಗಳನ್ನು ಹುಡುಕುತ್ತಾ ಹೋಗಿ ನಾನು ಅದನ್ನು ಕಂಡೆ. ಚಿತ್ರದಲ್ಲಿ ಬೆಲೆ ಇಲ್ಲ, ರಿಯಾಯಿತಿ ಇಲ್ಲ, ನಗುತ್ತಿರುವ ನಟಿಯೂ ಇಲ್ಲ. ಆದರೂ ಅದು ಮಾರಿತು. ಹೇಗೆ ಎಂದು ತಿಳಿಯುವ ಆಸೆಯಿಂದ ಓದುತ್ತಾ ಹೋದಾಗ ಜಾಹೀರಾತಿಗಿಂತ ಅದನ್ನು ಬರೆದ ಮನುಷ್ಯನ ಕಥೆಯೇ ನನಗೆ ದೊಡ್ಡದಾಗಿ ಕಂಡಿತು.

ಅವರು ಹುಟ್ಟಿದ್ದು ಫ್ರಾನ್ಸಿನಲ್ಲಲ್ಲ, ಇಟಲಿಯ ಸಮುದ್ರ ತೀರದ ಊರು ರಿಮಿನಿಯಲ್ಲಿ, 1909ರ ಫೆಬ್ರವರಿ 4ರಂದು. ತಂದೆ ಕೌಂಟ್ ಪದವಿಯ ಸಿರಿವಂತರು. ಮಗುವಿಗಿಟ್ಟ ಹೆಸರು ಒಂದು ಸಾಲಿನಷ್ಟು ಉದ್ದ: ರೆನಾಟೊ ಜವಾಲಿ ರಿಚ್ಚಿಯಾರ್ದೆಲ್ಲಿ ದೆಲ್ಲೆ ಕಾಮಿನಾತೆ. ಜವಾಲಿ ಎನ್ನುವುದು ನಮ್ಮ ಕಿವಿಗೆ ಜವಳಿ ಎಂದೇ ಕೇಳಿಸುತ್ತದೆ. ಮುಂದೆ ಜವಳಿಯ ಚಿತ್ರ ಬರೆದೇ ಬಾಳುವವನಿಗೆ ಇದಕ್ಕಿಂತ ಒಪ್ಪುವ ಮನೆತನದ ಹೆಸರು ಸಿಗಲಾರದು. ಆದರೆ ಆ ಹೆಸರನ್ನು ಅವರು ಇಟ್ಟುಕೊಳ್ಳಲಿಲ್ಲ.

ಮಗು ಚಿಕ್ಕದಿರುವಾಗಲೇ ತಂದೆ ತಾಯಿ ಬೇರೆಯಾದರು. ತಾಯಿ ಮಾರಿ ಗ್ರುವೊ ಫ್ರಾನ್ಸಿನವರು. ಮಗ ತಾಯಿಯ ಜೊತೆ ಬೆಳೆದ. ಇಟಲಿ, ಮೊನಾಕೊ, ಪ್ಯಾರಿಸ್ ಎಂದು ಊರುಗಳು ಬದಲಾದವು. ಹುಡುಗನಿಗೆ ವಾಸ್ತುಶಿಲ್ಪಿ ಆಗಬೇಕೆಂಬ ಆಸೆ ಇತ್ತು. ಅದಕ್ಕೆ ವರ್ಷಗಟ್ಟಲೆ ಓದಬೇಕು, ಓದಲು ಹಣ ಬೇಕು. ಮನೆಯ ಸ್ಥಿತಿ ಅದಕ್ಕೆ ಒಪ್ಪಲಿಲ್ಲ. ಕೈಯಲ್ಲಿದ್ದ ಒಂದೇ ವಿದ್ಯೆ ಚಿತ್ರ ಬರೆಯುವುದು. ನಮ್ಮಲ್ಲಿ ಅನೇಕರು ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ವಯಸ್ಸಿನಲ್ಲಿ ಅವರು ಉಡುಪಿನ ಚಿತ್ರಗಳನ್ನು ಪತ್ರಿಕೆಗಳಿಗೆ ಮಾರಲು ಶುರು ಮಾಡಿದರು. ಹದಿನೆಂಟು ತುಂಬುವ ಹೊತ್ತಿಗೆ ಇಟಲಿಯ ಹೊರಗಿನ ದೇಶಗಳಲ್ಲೂ ಅವರ ಚಿತ್ರಗಳು ಅಚ್ಚಾಗುತ್ತಿದ್ದವು. ಚಿತ್ರದ ಮೂಲೆಯಲ್ಲಿ ಹಾಕಿದ್ದು ತಾಯಿಯ ಹೆಸರು. ರೆನಾಟೊ ಹೋಗಿ ರೆನೆ ಆಯಿತು, ಉದ್ದದ ಮನೆತನದ ಹೆಸರು ಹೋಗಿ ಗ್ರುವೊ ಉಳಿಯಿತು.

ಆಗಿನ ಪ್ಯಾರಿಸ್ಸಿನಲ್ಲಿ ಉಡುಪಿನ ಚಿತ್ರಕಾರನ ಕೆಲಸ ಏನಾಗಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಲ್ಲಿ ಓತ್ ಕೂತೂರ್ ಎಂಬ ವ್ಯವಸ್ಥೆ ಇದೆ. ಎಂದರೆ ಒಬ್ಬೊಬ್ಬ ಗಿರಾಕಿಯ ಅಳತೆ ತೆಗೆದು, ಅವರೊಬ್ಬರಿಗಾಗಿಯೇ ಕೈಯಿಂದ ಹೊಲಿದು ಕೊಡುವ ಉಡುಪು. 1945ರಿಂದ ಈ ಹೆಸರಿಗೆ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆ ಇದೆ, ನಿಯಮ ಪಾಲಿಸುವ ಮನೆಗಳು ಮಾತ್ರ ಅದನ್ನು ಬಳಸಬಹುದು. ವಿನ್ಯಾಸಕಾರರು ಮೊದಲು ಕಾಗದದ ಮೇಲೆ ಗೆರೆ ಎಳೆಯುತ್ತಾರೆ. ಆಮೇಲೆ ಸಾದಾ ಹತ್ತಿ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ನೋಡುತ್ತಾರೆ. ಅದು ಸರಿಬಂದ ಮೇಲೆಯೇ ರೇಷ್ಮೆ, ವೆಲ್ವೆಟ್ಟಿಗೆ ಕತ್ತರಿ. ವರ್ಷಕ್ಕೆ ಎರಡು ಸಲ ಹೊಸ ಸಂಗ್ರಹದ ಪ್ರದರ್ಶನ. ನೋಡಲು ಸಿರಿವಂತ ಹೆಂಗಸರು, ಅಮೆರಿಕದ ಅಂಗಡಿಗಳ ಖರೀದಿದಾರರು, ಪತ್ರಿಕೆಯವರು ಬರುತ್ತಾರೆ. ಆ ಕೋಣೆಯೊಳಗೆ ಕಾಲಿಡಲಾಗದ ಲಕ್ಷಾಂತರ ಜನರಿಗೆ ಉಡುಪು ತಲುಪುತ್ತಿದ್ದದ್ದು ಪತ್ರಿಕೆಯ ಪುಟದಿಂದ. ಆ ಪುಟದಲ್ಲಿ ಫೋಟೋ ಇರುತ್ತಿತ್ತು, ಅದರಷ್ಟೇ ಗೌರವದಿಂದ ಬಣ್ಣದ ಚಿತ್ರವೂ ಇರುತ್ತಿತ್ತು.

ಈ ಚಿತ್ರಗಳನ್ನು ಹೆಚ್ಚಾಗಿ ಬರೆಯುತ್ತಿದ್ದದ್ದು ಜಲವರ್ಣ, ಗ್ವಾಶ್ ಮತ್ತು ಕಪ್ಪು ಶಾಯಿಯಲ್ಲಿ. ಜಲವರ್ಣ ತೆಳು, ಅದರ ಕೆಳಗಿನ ಕಾಗದ ಕಾಣುತ್ತದೆ. ಗ್ವಾಶ್ ಕೂಡ ನೀರಿನಲ್ಲಿ ಕಲಸುವ ಬಣ್ಣವೇ, ಆದರೆ ದಪ್ಪ, ಕೆಳಗಿನದನ್ನು ಮುಚ್ಚಿಬಿಡುತ್ತದೆ. ಎರಡೂ ಬೇಗ ಒಣಗುತ್ತವೆ, ನಾಳೆಯೇ ಅಚ್ಚಿಗೆ ಹೋಗಬೇಕಾದ ಚಿತ್ರಕ್ಕೆ ಅದು ಅನುಕೂಲ. ಸ್ಯಾಟಿನ್ ಹೊಳೆಯಬೇಕಾದರೆ ಹೊಳಪಿನ ಜಾಗದಲ್ಲಿ ಬಣ್ಣವನ್ನೇ ಹಚ್ಚದೆ ಕಾಗದದ ಬಿಳುಪನ್ನು ಬಿಡಬೇಕು. ದುಪಟ್ಟಾದಂಥ ತೆಳು ಬಟ್ಟೆಗೆ ನೀರು ಹೆಚ್ಚಿಸಿ ಪದರದ ಮೇಲೆ ಪದರ ಹಚ್ಚಬೇಕು. ವೆಲ್ವೆಟ್ಟಿಗೆ ಗಾಢ ಬಣ್ಣ, ಉಣ್ಣೆಗೆ ಒಣ ಕುಂಚ. ಜಲವರ್ಣದಲ್ಲಿ ಗೆರೆ ತಪ್ಪಿದರೆ ಅಳಿಸುವ ಹಾಗಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಅಂಕಿ ತಪ್ಪಿದರೆ ಹೊಡೆದು ಹಾಕಿ ಮತ್ತೆ ಬರೆಯಬಹುದು, ಇಲ್ಲಿ ಹಾಳೆಯೇ ಬದಲಾಗಬೇಕು.

ಆ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಈ ಕೆಲಸದವರು ಹಲವರಿದ್ದರು. ಅವರಲ್ಲಿ ಕ್ರಿಸ್ತಿಯಾನ್ ಬೆರಾರ್ ಬಹಳ ದೊಡ್ಡ ಹೆಸರು. ಅವರು ನಾಟಕದ ರಂಗಸಜ್ಜಿಕೆಯನ್ನೂ ಮಾಡುತ್ತಿದ್ದರು. ಬೆರಾರ್ ತಮ್ಮ ಉಡುಪಿನ ಚಿತ್ರಗಳಲ್ಲಿ ಎಷ್ಟೋ ಸಲ ಮುಖದ ಜಾಗವನ್ನು ಖಾಲಿ ಬಿಡುತ್ತಿದ್ದರು. ಇದನ್ನು ಓದಿದಾಗ ನನಗೆ ಸಂತೋಷವಾಯಿತು. ನಮ್ಮ ಮನೆಯಲ್ಲಿ ದಾದಿಗೆ ಮುಖ ಬರೆಯುವುದು ಇಷ್ಟವಾಗುವುದಿಲ್ಲ. ಆದ್ದರಿಂದ ನಾನು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆಯುವ ಕುರ್ತಾ, ಗರಾರಾ, ಅನಾರ್ಕಲಿಗಳಿಗೆ ಮುಖವಿರುವುದಿಲ್ಲ. ಇದೊಂದು ಕೊರತೆ ಎಂದೇ ನಾನು ತಿಳಿದಿದ್ದೆ. ಉಡುಪು ಸರಿಯಾಗಿ ನಿಂತರೆ ಮುಖವನ್ನು ನೋಡುವವರೇ ತುಂಬಿಕೊಳ್ಳುತ್ತಾರೆ ಎಂಬುದು ಬೆರಾರ್ ಚಿತ್ರಗಳನ್ನು ನೋಡಿದ ಮೇಲೆ ಗೊತ್ತಾಯಿತು. ಅವರು 1949ರಲ್ಲಿ ನಾಟಕದ ತಾಲೀಮು ನಡೆಯುತ್ತಿರುವಾಗ ರಂಗಮಂದಿರದಲ್ಲೇ ಕುಸಿದು ತೀರಿಕೊಂಡರು.

ಗ್ರುವೊ ದಾರಿ ಬೇರೆ. ಬೆರಾರ್ ಅವರದು ಮಂಜಿನಂಥ ಬಣ್ಣವಾದರೆ ಗ್ರುವೊ ಅವರದು ಗಟ್ಟಿ ಗೆರೆ. ಕುಂಚವನ್ನು ಕಪ್ಪಿನಲ್ಲಿ ಅದ್ದಿ ಭುಜದಿಂದ ಸೊಂಟಕ್ಕೆ, ಸೊಂಟದಿಂದ ನೆರಿಗೆಯ ಅಂಚಿಗೆ ಒಂದೇ ಉಸಿರಿನಲ್ಲಿ ಎಳೆದ ಹಾಗೆ ಕಾಣುತ್ತದೆ. ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು, ಉಳಿದದ್ದೆಲ್ಲ ಖಾಲಿ ಕಾಗದ. ಜಪಾನಿನ ಮರದಚ್ಚಿನ ಚಿತ್ರಗಳು ಮತ್ತು ಫ್ರಾನ್ಸಿನ ತುಲೂಸ್ ಲೊತ್ರೆಕ್ ಅವರ ಭಿತ್ತಿಚಿತ್ರಗಳ ಪ್ರಭಾವ ಇದರಲ್ಲಿ ಕಾಣುತ್ತದೆ. ನೋಡಲು ಸುಲಭ. ಆದರೆ ಆ ಒಂದು ಗೆರೆಗೆ ಬರುವ ಮೊದಲು ಅವರು ಅದೇ ಚಿತ್ರವನ್ನು ಮತ್ತೆ ಮತ್ತೆ ಕರಡು ಬರೆದು ಬೇಡದ್ದನ್ನು ತೆಗೆಯುತ್ತಾ ಹೋಗುತ್ತಿದ್ದರು. ಕೊನೆಗೆ ಉಳಿದದ್ದೇ ಪತ್ರಿಕೆಗೆ ಹೋಗುತ್ತಿತ್ತು.

1930ರ ದಶಕದಲ್ಲಿ ಅವರು ಫೆಮಿನಾ, ಮಾರಿ ಕ್ಲೇರ್, ಲ ಫಿಗಾರೊ ಮುಂತಾದ ಪತ್ರಿಕೆಗಳಿಗೆ ಬರೆಯುತ್ತಿದ್ದರು. ಫಿಗಾರೊಗೆ ಚಿತ್ರ ಕೊಡುತ್ತಿದ್ದ ಇನ್ನೊಬ್ಬ ಯುವಕನ ಗೆಳೆತನ ಆಗಲೇ ಆಯಿತು. ಆತನ ಹೆಸರು ಕ್ರಿಸ್ತಿಯಾನ್ ಡಿಯೋರ್. ಡಿಯೋರ್ ಅವರ ತಂದೆ ರಸಗೊಬ್ಬರದ ದೊಡ್ಡ ವ್ಯಾಪಾರಿ. 1930ರ ಹೊತ್ತಿನ ಜಾಗತಿಕ ಆರ್ಥಿಕ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದರು. ಮಗ ನಡೆಸುತ್ತಿದ್ದ ಚಿತ್ರಶಾಲೆಯೂ ಮುಚ್ಚಿತು. ಆಮೇಲೆ ಅವರು ಟೋಪಿ ಮತ್ತು ಉಡುಪಿನ ಚಿತ್ರ ಬರೆದು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಒಬ್ಬ ಮನೆತನದ ಆಸರೆ ಕಳೆದುಕೊಂಡವರು, ಇನ್ನೊಬ್ಬ ಆಸ್ತಿ ಕಳೆದುಕೊಂಡವರು. ಇಬ್ಬರನ್ನೂ ಸಾಕಿದ್ದು ಒಂದು ಕುಂಚ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇವರದು ಬಣ್ಣವಾದ ಕೈ.

ಎರಡನೇ ಮಹಾಯುದ್ಧ ಬಂತು. 1940ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸನ್ನು ಹಿಡಿಯಿತು. ಮಾರಿ ಕ್ಲೇರ್ ಪತ್ರಿಕೆ ಲಿಯೋನ್ ನಗರಕ್ಕೆ ಹೋಯಿತು, ಗ್ರುವೊ ಕೂಡ ಅಲ್ಲಿಗೆ ಹೋಗಿ ಕೆಲಸ ಮುಂದುವರಿಸಿದರು. ಬಟ್ಟೆಗೆ ರೇಷನ್ ಬಂತು. ಲಂಗಗಳು ಗಿಡ್ಡವಾದವು, ನೆರಿಗೆಗಳು ಮಾಯವಾದವು. ಯುದ್ಧ ಮುಗಿದ ಮೇಲೂ ಫ್ರಾನ್ಸಿನಲ್ಲಿ ಕಲ್ಲಿದ್ದಲು, ಬ್ರೆಡ್ಡು, ಬಟ್ಟೆ ಎಲ್ಲಕ್ಕೂ ಕೊರತೆ ಇತ್ತು.

ಅಂಥ ಕೊರತೆಯ ಒಂದು ಚಳಿಗಾಲದಲ್ಲಿ, 1947ರ ಫೆಬ್ರವರಿ 12ರಂದು, ಡಿಯೋರ್ ತಮ್ಮ ಮೊದಲ ಸಂಗ್ರಹ ತೋರಿಸಿದರು. ಸ್ಥಳ ಪ್ಯಾರಿಸ್ಸಿನ ಮೊಂತೇನ್ ಅವೆನ್ಯೂವಿನ 30ನೇ ನಂಬರಿನ ಮನೆ. ಬಂಡವಾಳ ಹಾಕಿದವರು ಮಾರ್ಸೆಲ್ ಬುಸ್ಸಾಕ್ ಎಂಬ ಹತ್ತಿ ಬಟ್ಟೆಯ ಉದ್ಯಮಿ. ಮೆದುವಾದ ಭುಜ, ಬಿಗಿಯಾದ ಸೊಂಟ, ಮೊಣಕಾಲಿನ ಕೆಳಗೆ ಇಳಿದು ಹೂವಿನಂತೆ ಅರಳುವ ಲಂಗ. ಒಂದೊಂದಕ್ಕೂ ಮೀಟರ್‌ಗಟ್ಟಲೆ ಬಟ್ಟೆ. ಅಮೆರಿಕದ ಪತ್ರಿಕೆಯವರು ಇದಕ್ಕೆ ನ್ಯೂ ಲುಕ್ ಎಂದು ಹೆಸರಿಟ್ಟರು. ಜನ ಮೆಚ್ಚಿದರು, ಕೆಲವರು ಸಿಟ್ಟಾದರು, ಮಕ್ಕಳಿಗೆ ಹಾಲಿಲ್ಲದ ಕಾಲದಲ್ಲಿ ಇಷ್ಟು ಬಟ್ಟೆಯೇ ಎಂದು ಬೀದಿಯಲ್ಲೇ ಜಗಳವೂ ಆಯಿತು. ಬಟ್ಟೆ ಹೆಚ್ಚು ಬೇಡುವ ಉಡುಪಿನ ಹಿಂದೆ ಬಟ್ಟೆ ಗಿರಣಿಯ ಬಂಡವಾಳ ಇದ್ದದ್ದನ್ನು ವಾಣಿಜ್ಯ ವಿಭಾಗದ ನನ್ನ ಗೆಳತಿಯರು ಗಮನಿಸದೆ ಇರಲಾರರು.

ಆ ಹೊಸ ರೂಪಕ್ಕೆ ಕಾಗದದ ಮೇಲೆ ತಕ್ಕ ಗೆರೆ ಕೊಟ್ಟವರು ಗ್ರುವೊ. ಉಬ್ಬಿದ ಲಂಗ, ಸಣ್ಣ ಸೊಂಟ, ಓರೆಯಾಗಿ ಕೂತ ಟೋಪಿ, ಇವೆಲ್ಲ ಅವರ ಕುಂಚಕ್ಕಾಗಿಯೇ ಹೊಲಿದ ಹಾಗಿದ್ದವು. ಅದೇ ವರ್ಷ ಡಿಯೋರ್ ಮನೆಯಿಂದ ಮಿಸ್ ಡಿಯೋರ್ ಎಂಬ ಸುಗಂಧ ದ್ರವ್ಯ ಹೊರಬಂತು. ಅದರ ಹೆಸರು ಡಿಯೋರ್ ಅವರ ತಂಗಿ ಕ್ಯಾಥರೀನ್ ಅವರ ನೆನಪಿಗೆ. ಕ್ಯಾಥರೀನ್ ಯುದ್ಧಕಾಲದಲ್ಲಿ ಜರ್ಮನ್ನರ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ 1944ರಲ್ಲಿ ಸಿಕ್ಕಿಬಿದ್ದು, ಚಿತ್ರಹಿಂಸೆ ಅನುಭವಿಸಿ, ರಾವೆನ್ಸ್‌ಬ್ರುಕ್ ಸೆರೆ ಶಿಬಿರದಿಂದ ಬದುಕಿ ಬಂದ ಹೆಣ್ಣುಮಗಳು. ಗ್ರುವೊ ಅವರ ಹಂಸ ಈ ಸುಗಂಧಕ್ಕಾಗಿಯೇ ಬರೆದದ್ದು. ಇದನ್ನು ತಿಳಿದ ಮೇಲೆ ಆ ಚಿತ್ರ ನನಗೆ ಬರೀ ಸೊಗಸಿನದಾಗಿ ಕಾಣುವುದಿಲ್ಲ. ತಲೆ ಎತ್ತಿ ನಿಂತ ಹಂಸ ಯಾರದೋ ಮರ್ಯಾದೆಯ ಹಾಗೆ ಕಾಣುತ್ತದೆ. ಎರಡು ವರ್ಷದ ನಂತರ, 1949ರಲ್ಲಿ, ಅದೇ ಸುಗಂಧಕ್ಕೆ ಇನ್ನೊಂದು ಪ್ರಸಿದ್ಧ ಚಿತ್ರ ಬಂತು. ಚಿರತೆಯ ಪಂಜದ ಮೇಲೆ ಮೆಲ್ಲಗೆ ಇಟ್ಟ ಒಂದು ಹೆಣ್ಣಿನ ಕೈ, ಅಷ್ಟೇ.

ಆ ವೇಳೆಗೆ ಗ್ರುವೊ ಪ್ಯಾರಿಸ್ಸಿನ ಬಹುಪಾಲು ಉಡುಪಿನ ಮನೆಗಳಿಗೆ ಬರೆಯುತ್ತಿದ್ದರು. ಬಾಲ್ಮೇನ್, ಜಾಕ್ ಫಾತ್, ಬಾಲೆನ್ಸಿಯಾಗ, ಜಿವಾಂಶಿ ಎಲ್ಲರ ಉಡುಪುಗಳೂ ಅವರ ಕಾಗದದ ಮೇಲೆ ಬಂದಿವೆ. ಇಂಟರ್‌ನ್ಯಾಷನಲ್ ಟೆಕ್ಸ್‌ಟೈಲ್ಸ್ ಎಂಬ ಜವಳಿ ವ್ಯಾಪಾರದ ಪತ್ರಿಕೆಗೆ 1946ರಿಂದ ಸುಮಾರು ನಾಲ್ಕು ದಶಕ ಮುಖಪುಟ ಬರೆದರು. ಅಮೆರಿಕಕ್ಕೂ ಹೋದರು. ವೋಗ್, ಹಾರ್ಪರ್ಸ್ ಬಜಾರ್ ಪತ್ರಿಕೆಗಳಲ್ಲಿ ಬರೆದರು. 1950ರಲ್ಲಿ ಫ್ಲೇರ್ ಎಂಬ ಹೊಸ ಪತ್ರಿಕೆ ಅವರನ್ನು ತನ್ನ ಚಿತ್ರಕಾರನನ್ನಾಗಿ ಮಾಡಿಕೊಂಡಿತು. ಕಿಟಕಿಯಂತೆ ಕತ್ತರಿಸಿದ ಮುಖಪುಟ, ಬಗೆಬಗೆಯ ಕಾಗದ, ಮಡಿಸಿ ತೆರೆಯುವ ಪುಟಗಳು. ನೋಡಿದವರೆಲ್ಲ ಹೊಗಳಿದರು. ಆದರೆ ಒಂದು ಪ್ರತಿ ತಯಾರಿಸುವ ಖರ್ಚು ಅದರ ಆದಾಯವನ್ನು ಮೀರಿತು. ಹನ್ನೆರಡು ಸಂಚಿಕೆಗಳಿಗೆ ಪತ್ರಿಕೆ ನಿಂತಿತು. ಎಷ್ಟೇ ಚೆಂದದ ವಸ್ತುವಾದರೂ ವೆಚ್ಚದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ದೊಡ್ಡ ಕಷ್ಟ ಮುಂದಿತ್ತು. ಫೋಟೋಗ್ರಫಿ ಬೆಳೆಯಿತು, ಬಣ್ಣದ ಫೋಟೋ ಅಚ್ಚು ಮಾಡುವುದು ಸುಲಭವಾಯಿತು. 1957ರಲ್ಲಿ ಡಿಯೋರ್ ಹೃದಯಾಘಾತದಿಂದ ತೀರಿಕೊಂಡರು, ಅವರಿಗೆ ಆಗ ಬರೀ 52 ವರ್ಷ. 1960ರ ದಶಕದಲ್ಲಿ ಪತ್ರಿಕೆಗಳು ಒಂದೊಂದಾಗಿ ಚಿತ್ರಕಾರರನ್ನು ಬಿಟ್ಟು ಛಾಯಾಗ್ರಾಹಕರನ್ನು ಹಿಡಿದವು. ಜೀವಮಾನವಿಡೀ ಕಲಿತ ಕಸುಬು ಬೇಡವಾಗುವುದೆಂದರೆ ಏನೆಂದು ಬೀಡಿ ಕಟ್ಟುವವರ, ಕೈಮಗ್ಗದವರ, ಸೈನ್‌ಬೋರ್ಡ್ ಬರೆಯುವವರ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಗ್ರುವೊ ನಿಂತದ್ದು ಜಾಹೀರಾತಿನಿಂದ. ಉಡುಪಿನ ಫೋಟೋ ತೆಗೆಯಬಹುದು, ಪರಿಮಳದ ಫೋಟೋ ತೆಗೆಯಲು ಆಗುವುದಿಲ್ಲ. ಬಾಟಲಿಯ ಫೋಟೋ ಬಾಟಲಿಯನ್ನಷ್ಟೇ ತೋರಿಸುತ್ತದೆ. ಅಲ್ಲಿ ಚಿತ್ರಕ್ಕೆ ಇನ್ನೂ ಜಾಗವಿತ್ತು, ಆ ಜಾಗವನ್ನು ಅವರು ಬಿಡಲಿಲ್ಲ. ಒಂದು ತುಟಿರಂಗಿನ ಜಾಹೀರಾತಿನಲ್ಲಿ ಹೆಣ್ಣಿನ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಬರೆದರು. ಕಣ್ಣು ಮುಚ್ಚಿದ್ದರಿಂದ ನೋಟ ನೇರವಾಗಿ ಕೆಂಪು ಬಣ್ಣಕ್ಕೇ ಹೋಗುತ್ತದೆ. ಪ್ಯಾರಿಸ್ಸಿನ ಮೂಲಾ ರೂಜ್, ಲಿಡೊ ರಂಗಮಂದಿರಗಳಿಗೆ ಭಿತ್ತಿಚಿತ್ರ ಬರೆದರು. ಇಟಲಿಯ ಪ್ರಸಿದ್ಧ ಚಲನಚಿತ್ರ ಲಾ ದೊಲ್ಚೆ ವೀತಾಗೆ ಪೋಸ್ಟರ್ ಬರೆದರು. 1966ರಲ್ಲಿ ಡಿಯೋರ್ ಸಂಸ್ಥೆ ಗಂಡಸರಿಗಾಗಿ ಓ ಸೊವಾಜ್ ಎಂಬ ಸುಗಂಧ ತಂದಾಗ ಅದರ ಜಾಹೀರಾತಿಗೂ ಗ್ರುವೊ ಅವರನ್ನೇ ಕರೆಯಿತು. ಗೆಳೆಯ ಸತ್ತು ಒಂಬತ್ತು ವರ್ಷವಾದರೂ ಕೆಲಸದ ಸಂಬಂಧ ಕಡಿದಿರಲಿಲ್ಲ.

ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಪಾಠವಿದೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಆಸ್ತಿ ಅದು, ಆದರೂ ಬೆಲೆ ಕಟ್ಟಬೇಕು. ಗ್ರುವೊ ತಮ್ಮ ಚಿತ್ರದ ಮೂಲೆಯಲ್ಲಿ ಜಿ ಎಂಬ ಅಕ್ಷರ ಬರೆದು ಮೇಲೊಂದು ಪುಟ್ಟ ನಕ್ಷತ್ರ ಹಾಕುತ್ತಿದ್ದರು. ಉದ್ಯಮಗಳು ಹಣ ಕೊಟ್ಟದ್ದು ಕಾಗದಕ್ಕೋ ಬಣ್ಣಕ್ಕೋ ಅಲ್ಲ, ಆ ನಕ್ಷತ್ರಕ್ಕೆ. ತಂದೆಯ ಮನೆತನದ ಬಿರುದು ಕೊಡದ ಅನ್ನವನ್ನು ತಾಯಿಯ ಹೆಸರಿನ ಒಂದಕ್ಷರ ಕೊಟ್ಟಿತು.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಎಂದರೆ ನಮ್ಮ ಮನೆಯಲ್ಲೂ ಇದೇ ಲೆಕ್ಕ ನಡೆಯುತ್ತಿದೆ. ಅಮ್ಮಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ನನ್ನ ಕಾಲೇಜಿನ ಫೀಸು ಬರುವುದು ಆ ಹೊಲಿಗೆ ಯಂತ್ರದಿಂದ. ರಂಜಾನ್ ತಿಂಗಳಲ್ಲಿ ಬಟ್ಟೆ ತರುವ ಹೆಂಗಸರು ಕತ್ತರಿ ಹಾಕುವ ಮೊದಲು ಹೇಗೆ ಕಾಣುತ್ತದೆ ತೋರಿಸು ಎನ್ನುತ್ತಾರೆ. ಆಗ ನಾನು ಜಲವರ್ಣದಲ್ಲಿ ಬರೆದು ತೋರಿಸುತ್ತೇನೆ. ಚಿತ್ರ ನೋಡಿ ಲೇಸ್ ಹೆಚ್ಚಿಸುತ್ತಾರೆ, ಘೇರ್ ಹೆಚ್ಚಿಸುತ್ತಾರೆ, ಕೂಲಿಯೂ ಹೆಚ್ಚಾಗುತ್ತದೆ. ಹಾಗಾದರೆ ಬಿಲ್ಲಿನಲ್ಲಿ ಚಿತ್ರಕ್ಕೊಂದು ಸಾಲು ಬೇಡವೇ ಎಂದು ನಾನು ಕೇಳಿದೆ. ಕಾಗದದ ಮೇಲಿನ ಗೊಂಬೆಗೆ ಯಾರು ಹಣ ಕೊಡುತ್ತಾರೆ ಎಂದು ಅಮ್ಮಿ ನಕ್ಕುಬಿಟ್ಟರು. ಅಬ್ಬಾಗೆ ನಾನು ಬಿ.ಕಾಂ. ಮಾಡಬೇಕೆಂಬ ಆಸೆ, ನನಗೆ ಉಡುಪಿನ ವಿನ್ಯಾಸ ಕಲಿಯುವ ಆಸೆ. ಮಾತು ಇನ್ನೂ ಮುಗಿದಿಲ್ಲ. ಆದರೆ ಈಗ ಆ ಮಾತಿಗೆ ನಾನು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಚಿತ್ರ ಬರೆದು ತಾಯಿಯೊಡನೆ ಬದುಕು ಕಟ್ಟಿಕೊಂಡ ಒಬ್ಬ ಹುಡುಗನ ಲೆಕ್ಕಪತ್ರ ನನ್ನ ಹತ್ತಿರವಿದೆ. ಬಿ.ಕಾಂ. ಓದಿದರೂ ಆ ಸಾಲನ್ನು ಬಿಲ್ಲಿನಲ್ಲಿ ಬರೆಯಲು ಕಲಿಯುತ್ತೇನೆ, ವಿನ್ಯಾಸ ಓದಿದರೂ ಕಲಿಯುತ್ತೇನೆ.

ಗ್ರುವೊ ದೀರ್ಘಕಾಲ ಬದುಕಿದರು. 1989ರಲ್ಲಿ ಪ್ಯಾರಿಸ್ಸಿನ ಉಡುಪಿನ ವಸ್ತುಸಂಗ್ರಹಾಲಯ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಸಿತು. ಪತ್ರಿಕೆ ಹಳೆಯದಾದರೆ ರದ್ದಿಗೆ ಹೋಗುತ್ತದೆ ಎಂದು ತಿಳಿದೇ ಬರೆದ ಚಿತ್ರಗಳು ಗಾಜಿನ ಚೌಕಟ್ಟಿನೊಳಗೆ ಸೇರಿದವು. 2004ರ ಮಾರ್ಚ್ 31ರಂದು ರೋಮ್ ನಗರದಲ್ಲಿ, 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹುಟ್ಟಿದ ಊರು ರಿಮಿನಿಯ ವಸ್ತುಸಂಗ್ರಹಾಲಯದಲ್ಲಿ ಇಂದು ಅವರ ಚಿತ್ರಗಳಿಗೆ ಜಾಗವಿದೆ. ಮನೆತನದ ಹೆಸರು ಬಿಟ್ಟು ಹೋದ ಮಗನನ್ನು ಊರು ತಾಯಿಯ ಹೆಸರಿನಿಂದಲೇ ಮರಳಿ ಕರೆದುಕೊಂಡಿತು.

ಅವರು ಸತ್ತ ಮೇಲಿನ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಹಿಡಿಸಿತು. 2011ರ ಜನವರಿಯಲ್ಲಿ ಡಿಯೋರ್ ಸಂಸ್ಥೆ ತನ್ನ ಹೊಸ ಕೂತೂರ್ ಸಂಗ್ರಹವನ್ನು ಗ್ರುವೊ ಚಿತ್ರಗಳನ್ನು ಮುಂದಿಟ್ಟುಕೊಂಡು ಹೊಲಿಸಿತು. ಬಟ್ಟೆಯ ಮೇಲೆ ಜಲವರ್ಣ ಹರಡಿದ ಹಾಗೆ ಬಣ್ಣ ಇಳಿಯುತ್ತಿತ್ತು, ಕುಂಚದ ಗೆರೆಯ ಹಾಗೆ ಕಸೂತಿ ಓಡುತ್ತಿತ್ತು. ಮೊದಲು ಉಡುಪು ನೋಡಿ ಚಿತ್ರ ಬರೆಯುತ್ತಿದ್ದರು, ಈಗ ಚಿತ್ರ ನೋಡಿ ಉಡುಪು ಹೊಲಿದರು.

ಗೆಳತಿಯರೇ, ಗೆಳೆಯರೇ, ನಮ್ಮ ತರಗತಿಗಳಲ್ಲಿ ಮೆಹೆಂದಿ ಹಾಕುವವರಿದ್ದಾರೆ, ಕಾಲೇಜು ದಿನಕ್ಕೆ ಚಾರ್ಟ್ ಬರೆದು ಕೊಡುವವರಿದ್ದಾರೆ, ಪ್ರಾಜೆಕ್ಟ್ ಪುಸ್ತಕದ ಮೊದಲ ಪುಟಕ್ಕೆ ಎಲ್ಲರೂ ಹುಡುಕುವ ಒಬ್ಬ ಹುಡುಗನೂ ಇದ್ದಾನೆ. ಅವರಿಂದ ನಾವು ಕೆಲಸ ಪುಕ್ಕಟೆ ಮಾಡಿಸಿಕೊಳ್ಳುತ್ತೇವೆ, ಹೆಸರನ್ನೂ ಹಾಕುವುದಿಲ್ಲ. ಮುಂದಿನ ಕಾಲೇಜು ದಿನದ ಚಾರ್ಟುಗಳಲ್ಲಿ ಬರೆದವರು ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರಿನ ಒಂದಕ್ಷರವನ್ನಾದರೂ ಬರೆಯಲಿ. ಗೋಡೆಗೆ ಅಂಟಿಸುವವರು ಅದನ್ನು ಟೇಪಿನಿಂದ ಮುಚ್ಚದಿರಲಿ.